ಪರಿಹಾರ ಬಾರದವರ ಪಟ್ಟಿ ಎಲ್ಲಿದೆ?

ಮಾನ್ಯ ಸಂಪಾದಕರೇ,

2025ರ ಸೆಪ್ಟೆಂಬರ್ ತಿಂಗಳಲ್ಲಿ ಭೀಮಾ, ಕಾಗಿಣಾ ನದಿಗಳು ಉಕ್ಕಿ ಹರಿದು ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ಎರೆಭೂಮಿಯಲ್ಲಿ ನಿಂತಿದ್ದ ತೊಗರಿ, ಹತ್ತಿ ಬೆಳೆಗಳು ನೀರುಪಾಲಾದ ಸಂಗತಿ ಪತ್ರಿಕೆಯಲ್ಲಿ ವಿವರವಾಗಿ ಬಂದಿದೆ. ಮಳೆಯಾಶ್ರಿತ ಬೆಳೆಗೆ ವಿಪತ್ತು ಪರಿಹಾರ ನಿಧಿಯ ನಿಯಮದಂತೆ ಸಿಗುವ ಹೆಕ್ಟೇರಿಗೆ 8,500 ರೂಪಾಯಿಯ ಜೊತೆಗೆ ರಾಜ್ಯ ಸರ್ಕಾರವು ತನ್ನ ಪಾಲಾಗಿ ಇನ್ನೂ 8,500 ರೂಪಾಯಿ ಸೇರಿಸಿ ಒಟ್ಟು 17,000 ರೂಪಾಯಿ ಕೊಡುವುದಾಗಿ ಘೋಷಿಸಿದ್ದನ್ನೂ ಎಲ್ಲರೂ ಬಲ್ಲರು. ಅನೇಕ ರೈತರಿಗೆ ಈ ಹಣ ತಲುಪಿದೆ ಎಂಬುದನ್ನು ಮೊದಲೇ ಹೇಳುವುದು ನ್ಯಾಯ. ನಾನು ಬರೆಯುತ್ತಿರುವುದು ಹಣ ತಲುಪದವರ ಬಗ್ಗೆ, ಅದರಲ್ಲೂ ಮುಖ್ಯವಾಗಿ, ಏಕೆ ತಲುಪಲಿಲ್ಲ ಎಂಬುದನ್ನು ಯಾರಿಂದಲೂ ತಿಳಿಯಲಾಗದೆ ಕುಳಿತವರ ಬಗ್ಗೆ.

ನಾನು ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕ. ಕಾಗಿಣಾ ದಂಡೆಯ ಊರೊಂದರಲ್ಲಿ ನಮ್ಮ ಕುಟುಂಬದ ಒಕ್ಕಲುತನ ಇದೆ. ನಮ್ಮ ಅಣ್ಣ ತೀರಿಕೊಂಡು ಮೂರು ವರ್ಷಗಳಾದವು. ಅವರ ಪಾಲಿನ 4 ಎಕರೆ 20 ಗುಂಟೆ ಹೊಲವನ್ನು ಫೌತಿ ಖಾತೆ ಮಾಡಿಸಿ, ಮಕ್ಕಳ ಒಪ್ಪಿಗೆಯಿಂದ ಅತ್ತಿಗೆಯವರ ಹೆಸರಿಗೆ ವರ್ಗಾಯಿಸಲಾಯಿತು. ಪಹಣಿಯ 9ನೇ ಕಾಲಂನಲ್ಲಿ ಈಗ ಅವರದೇ ಹೆಸರಿದೆ. ಜೂನ್ ಕೊನೆಯಲ್ಲಿ ಅವರು ಆ ಹೊಲಕ್ಕೆ ತೊಗರಿ ಬಿತ್ತಿಸಿದ್ದರು. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಹೊಳೆಯ ನೀರು ಹೊಲಕ್ಕೆ ನುಗ್ಗಿ ನಾಲ್ಕು ದಿನ ನಿಂತಿತು. ನೀರು ಇಳಿದ ಮೇಲೆ ಒಂದು ವಾರದೊಳಗೆ ಗಿಡಗಳೆಲ್ಲ ಎಲೆ ಜೋತುಬಿಟ್ಟು ಒಣಗಿದವು. ಬೇರು ಕಿತ್ತು ನೋಡಿದರೆ ಕಪ್ಪಾಗಿ ಕೊಳೆತಿತ್ತು. ನೀರು ನಿಂತ ಎರೆಹೊಲದಲ್ಲಿ ತೊಗರಿ ಬದುಕುವುದಿಲ್ಲ ಎಂಬುದು ಈ ಭಾಗದ ಪ್ರತಿಯೊಬ್ಬ ರೈತನಿಗೂ ಗೊತ್ತಿರುವ ಮಾತು.

ಬೆಳೆ ಹಾನಿ ನೋಡಲು ಕಂದಾಯ ಮತ್ತು ಕೃಷಿ ಇಲಾಖೆಗಳು ಕೂಡಿ ನಡೆಸುವ ಜಂಟಿ ಸಮೀಕ್ಷೆಗೆ ಬಂದವರು ನಮ್ಮ ಹೊಲದ ಬದುವಿನ ಮೇಲೆಯೇ ನಿಂತು ಫೋಟೊ ತೆಗೆದುಕೊಂಡು ಹೋದರು. ಮುಂದೆ ಅಕ್ಕಪಕ್ಕದ ಹೊಲದವರ ಮೊಬೈಲಿಗೆ ಹಣ ಜಮೆಯಾದ ಸಂದೇಶ ಬರತೊಡಗಿತು. ಅತ್ತಿಗೆಯವರಿಗೆ ಬರಲಿಲ್ಲ. ಅವರಿಗೆ ಸಿಗಬೇಕಾಗಿದ್ದ ಮೊತ್ತ ಸುಮಾರು 31 ಸಾವಿರ ರೂಪಾಯಿ. ಎಡಬದುವಿನವರಿಗೆ ಬಂದಿದೆ, ಬಲಬದುವಿನವರಿಗೆ ಬಂದಿದೆ, ನಡುವಿನ ಹೊಲಕ್ಕೆ ಮಾತ್ರ ಬಂದಿಲ್ಲ. ಅತ್ತಿಗೆಯವರು ನನ್ನನ್ನು ಕೇಳಿದ್ದು ಒಂದೇ ಮಾತು: “ಬದುವಿನ ಆ ಕಡಿ ನೀರು ನಿಂತದ, ಈ ಕಡಿ ನಿಂತಿಲ್ಲೇನು?” ನಲವತ್ತು ವರ್ಷಗಳ ಹತ್ತಿರ ಮಕ್ಕಳಿಗೆ ಪಾಠ ಹೇಳಿದ ನನಗೆ ಈ ಪ್ರಶ್ನೆಗೆ ಉತ್ತರ ಕೊಡಲಾಗಲಿಲ್ಲ.

ಉತ್ತರ ಹುಡುಕಿಕೊಂಡು ನಾವು ತಿರುಗಿದ ದಾರಿಯನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ. ಪಹಣಿ, ಆಧಾರ್, ಪಾಸ್‌ಬುಕ್, ಅಣ್ಣನ ಮರಣ ಪ್ರಮಾಣಪತ್ರಗಳನ್ನು ಅತ್ತಿಗೆಯವರು ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಕೈಚೀಲದಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಮೊದಲು ಬ್ಯಾಂಕಿಗೆ ಹೋದೆವು. ಪಾಸ್‌ಬುಕ್‌ಗೆ ಎಂಟ್ರಿ ಹಾಕಿ, ಹಣ ಬಂದಿಲ್ಲ, ಕಂದಾಯ ಇಲಾಖೆಯವರನ್ನು ಕೇಳಿ ಎಂದರು. ಕಂದಾಯ ಇಲಾಖೆಯ ಕಚೇರಿಯಲ್ಲಿ, ನಮ್ಮ ಕಡೆಯಿಂದ ಸಮೀಕ್ಷೆ ಸರಿಯಾಗಿಯೇ ದಾಖಲಾಗಿದೆ, ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಸಮಸ್ಯೆ ಇರಬಹುದು, ಕೃಷಿ ಇಲಾಖೆಯವರನ್ನು ಕೇಳಿ ಎಂದರು. ಕೃಷಿ ಇಲಾಖೆಯ ಕಚೇರಿಯಲ್ಲಿ ಆ ದಿನ ಸರ್ವರ್ ಇರಲಿಲ್ಲ. ಮರುವಾರ ಬನ್ನಿ ಎಂದರು. ಮರುವಾರ ಹೋದಾಗ ಸಂಬಂಧಪಟ್ಟವರು ತರಬೇತಿಗೆ ಹೋಗಿದ್ದರು. ಐದನೆಯ ಸಲ ಹೋದಾಗ ಯುವ ಸಿಬ್ಬಂದಿಯೊಬ್ಬರು ತಾಳ್ಮೆಯಿಂದ ಕೂತು ನೋಡಿ ವಿಷಯ ಪತ್ತೆ ಮಾಡಿದರು. ಪಹಣಿ ಅತ್ತಿಗೆಯವರ ಹೆಸರಿಗೆ ಬದಲಾಗಿದ್ದರೂ ರೈತರನ್ನು ನೋಂದಾಯಿಸುವ ಫ್ರೂಟ್ಸ್ ತಂತ್ರಾಂಶದಲ್ಲಿ ಆ ಸರ್ವೆ ನಂಬರು ಇನ್ನೂ ತೀರಿಕೊಂಡ ಅಣ್ಣನ ಎಫ್‌ಐಡಿಗೇ ಅಂಟಿಕೊಂಡಿತ್ತು. ಬೀಜ ತರುವಾಗ ಅತ್ತಿಗೆಯವರಿಗೂ ಒಂದು ಎಫ್‌ಐಡಿ ಮಾಡಿಕೊಟ್ಟಿದ್ದರು, ಆದರೆ ಅದರಲ್ಲಿ ಜಮೀನು ಸೇರಿಸಿರಲಿಲ್ಲ. ಅದನ್ನು ಸರಿಪಡಿಸಲು ಆ ಹುಡುಗನಿಗೆ ಹಿಡಿದದ್ದು ಹತ್ತು ನಿಮಿಷ. ಕಾರಣ ತಿಳಿಯಲು ನಮಗೆ ಹಿಡಿದದ್ದು ಏಳು ವಾರ.

ಈ ಏಳು ವಾರಗಳಲ್ಲಿ ಒಬ್ಬ ಅಧಿಕಾರಿಯೂ ನಮ್ಮೊಡನೆ ಒರಟಾಗಿ ನಡೆದುಕೊಳ್ಳಲಿಲ್ಲ, ಯಾರೂ ಲಂಚ ಕೇಳಲಿಲ್ಲ. ಹಾಗಿದ್ದೂ ನಾವು ಅಲೆದೆವು. ಇದನ್ನು ಒತ್ತಿ ಹೇಳಲು ಕಾರಣವಿದೆ. ಇಂಥ ತೊಂದರೆ ಬಂದಾಗಲೆಲ್ಲ ಯಾರೋ ಒಬ್ಬ ನೌಕರನ ಮೇಲೆ ತಪ್ಪು ಹೊರಿಸಿ ಸುಮ್ಮನಾಗುವ ರೂಢಿ ನಮ್ಮಲ್ಲಿದೆ. ನಾನು ಕಂಡಂತೆ ದೋಷವಿರುವುದು ಹಣ ಹಂಚುವ ಕ್ರಮದಲ್ಲಿ.

ಮೊದಲಾದರೆ ರೈತನು ಪರಿಹಾರಕ್ಕೆ ಅರ್ಜಿ ಕೊಡಬೇಕಿತ್ತು. ಅರ್ಜಿ ತಿರಸ್ಕೃತವಾದರೆ ಕಚೇರಿಯಿಂದ ಹಿಂಬರಹ ಬರುತ್ತಿತ್ತು. ಇಂಥ ಕಾರಣಕ್ಕೆ ನಿಮ್ಮ ಅರ್ಜಿಯನ್ನು ಪರಿಗಣಿಸಲಾಗಿಲ್ಲ ಎಂದು ಸಹಿ, ಮೊಹರು ಸಮೇತ ಬರುವ ಆ ಒಂದು ಹಾಳೆಯನ್ನು ಹಿಡಿದುಕೊಂಡು ರೈತ ತಹಶೀಲ್ದಾರರ ಬಳಿಗಾಗಲಿ, ಶಾಸಕರ ಬಳಿಗಾಗಲಿ, ನ್ಯಾಯಾಲಯಕ್ಕಾಗಲಿ ಹೋಗಬಹುದಿತ್ತು. ಈಗ ಅರ್ಜಿಯೇ ಬೇಕಿಲ್ಲ. ಸಮೀಕ್ಷೆಯ ವಿವರ ‘ಪರಿಹಾರ’ ಎಂಬ ಹೆಸರಿನ ತಂತ್ರಾಂಶಕ್ಕೆ ಹೋಗುತ್ತದೆ, ಅಲ್ಲಿಂದ ಎಫ್‌ಐಡಿ ಮೂಲಕ ಆಧಾರ್ ಜೋಡಣೆಯಾದ ಖಾತೆಗೆ ಹಣ ನೇರವಾಗಿ ಬೀಳುತ್ತದೆ. ಮಧ್ಯವರ್ತಿಗಳ ಕಾಟ ತಪ್ಪಿಸಿದ ಈ ವ್ಯವಸ್ಥೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಅರ್ಜಿ ಇಲ್ಲದ ಕಡೆ ತಿರಸ್ಕಾರವೂ ಇಲ್ಲ, ತಿರಸ್ಕಾರ ಇಲ್ಲದ ಕಡೆ ಹಿಂಬರಹವೂ ಇಲ್ಲ. ಹಣ ಬಾರದ ರೈತನ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಸರ್ಕಾರಿ ಸೇವೆಗಳಿಗೆ ಗಡುವು ಹಾಕಿದ ಸಕಾಲ ಕಾಯ್ದೆಯ ಅಡಿಯಲ್ಲಿ ದೂರು ಕೊಡೋಣವೆಂದರೂ ಯಾವ ಅರ್ಜಿಯ ಸಂಖ್ಯೆಯನ್ನು ನಮೂದಿಸುವುದು?

ಹಣ ಬಂದವರ ಪಟ್ಟಿ ಸರ್ಕಾರದ ಜಾಲತಾಣದಲ್ಲಿ ಗ್ರಾಮವಾರು ಸಿಗುತ್ತದೆ. ಪಿಎಂ ಕಿಸಾನ್ ಫಲಾನುಭವಿಗಳ ಪಟ್ಟಿಯನ್ನೂ ಊರಿನ ಹೆಸರು ಹಾಕಿ ನೋಡಬಹುದು. ಇದು ಒಳ್ಳೆಯ ಕೆಲಸ. ಆದರೆ ಬಾರದವರ ಪಟ್ಟಿಯನ್ನು ನನಗೆ ಯಾವ ಕಚೇರಿಯ ಗೋಡೆಯ ಮೇಲೂ ಕಾಣಲಾಗಲಿಲ್ಲ. ಒಬ್ಬೊಬ್ಬರೂ ತಮ್ಮ ಆಧಾರ್ ಅಥವಾ ನೋಂದಣಿ ಸಂಖ್ಯೆ ಹಾಕಿ ನೋಡಿದರೆ ಪರದೆಯ ಮೇಲೆ ಏನೋ ಒಂದು ಸ್ಥಿತಿ ತೋರಿಸುತ್ತದೆ ನಿಜ. ಪಿಎಂ ಕಿಸಾನ್‌ನಲ್ಲಿ ‘ಲ್ಯಾಂಡ್ ಸೀಡಿಂಗ್: ನೋ’ ಎಂದು ಬರುತ್ತದೆ. ಈ ಮೂರು ಪದಗಳನ್ನು ಓದಿ, ತನ್ನ ಜಮೀನಿನ ವಿವರ ಯೋಜನೆಯ ಖಾತೆಗೆ ಜೋಡಣೆಯಾಗಿಲ್ಲ, ಅದನ್ನು ಇಂಥ ಕಚೇರಿಯಲ್ಲಿ ಸರಿಪಡಿಸಿಕೊಳ್ಳಬೇಕು ಎಂದು ಅರ್ಥಮಾಡಿಕೊಳ್ಳಬಲ್ಲ ಅರವತ್ತು ದಾಟಿದ ರೈತರು ನಮ್ಮ ಊರಿನಲ್ಲಿ ಎಷ್ಟು ಜನ ಇದ್ದಾರು? ನಮ್ಮ ಅತ್ತಿಗೆಯವರಿಗೆ ಸಹಿ ಮಾಡಲು ಬರುತ್ತದೆ, ಅಷ್ಟೇ.

ಕಾರಣಗಳು ಹಲವು ಇರುತ್ತವೆ, ಮತ್ತು ಬಹುಪಾಲು ಸಣ್ಣವೇ. ಪಹಣಿಯಲ್ಲಿ ಶರಣಮ್ಮ ಎಂದಿದ್ದು ಆಧಾರ್‌ನಲ್ಲಿ ಶರಣವ್ವ ಎಂದಿದ್ದರೆ ತೊಡಕು. ಜಂಟಿ ಖಾತೆಯಲ್ಲಿ ಅಣ್ಣತಮ್ಮಂದಿರ ಪಾಲು ಬೇರೆಯಾಗಿ ನಮೂದಾಗಿರದಿದ್ದರೆ ತೊಡಕು. ಮುಂಗಾರಿನ ಬೆಳೆ ಸಮೀಕ್ಷೆಗೆಂದು ನೇಮಕವಾದ ಸ್ಥಳೀಯರೊಬ್ಬರು (ಇಲಾಖೆಯ ಮಾತಿನಲ್ಲಿ ‘ಖಾಸಗಿ ನಿವಾಸಿ’) ತೊಗರಿಯ ನಡುವೆ ಅಕ್ಕಡಿಯಾಗಿ ಹಾಕಿದ ಹೆಸರುಕಾಳಿನ ಬೆಳೆಯನ್ನಷ್ಟೇ ದಾಖಲಿಸಿ ಹೋಗಿದ್ದರೆ, ಅಥವಾ ಹೊಲವನ್ನೇ ಪಡ (ಬಿತ್ತದೆ ಬಿಟ್ಟದ್ದು) ಎಂದು ಬರೆದಿದ್ದರೆ, ಹಾನಿಯಾದ ತೊಗರಿ ಲೆಕ್ಕದಲ್ಲಿ ಇರುವುದೇ ಇಲ್ಲ. ಅದನ್ನು ಆಕ್ಷೇಪಿಸಲು ಬೆಳೆ ದರ್ಶಕ ಎಂಬ ಆ್ಯಪ್ ಇದೆ. ಆದರೆ ತಪ್ಪಾಗಿದೆ ಎಂಬುದು ರೈತನಿಗೆ ತಿಳಿಯುವುದೇ ಹಣ ಬಾರದಿದ್ದಾಗ, ಮತ್ತು ಅಷ್ಟರಲ್ಲಿ ಆಕ್ಷೇಪಣೆಯ ಅವಧಿ ಮುಗಿದಿರುತ್ತದೆ.

ಬ್ಯಾಂಕಿನ ಕಥೆಯನ್ನೂ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದರಲ್ಲಿ ಹೆಚ್ಚು ಸಿಕ್ಕಿಬೀಳುವವರು ಹೆಣ್ಣುಮಕ್ಕಳು. ನೇರ ಜಮೆಯ ಹಣ ರೈತರು ಪಾಸ್‌ಬುಕ್ ತೋರಿಸಿದ ಖಾತೆಗೇ ಬರುತ್ತದೆ ಎಂದು ನಾವೆಲ್ಲ ತಿಳಿದಿದ್ದೇವೆ. ಹಾಗಲ್ಲ. ಯಾವ ಖಾತೆಯನ್ನು ಕೊನೆಯದಾಗಿ ಆಧಾರ್‌ಗೆ ಜೋಡಿಸಲಾಗಿದೆಯೋ ಆ ಖಾತೆಗೆ ಅದು ಹೋಗುತ್ತದೆ. ನಮ್ಮ ಓಣಿಯ ಒಬ್ಬ ತಾಯಿ ಎರಡು ವರ್ಷಗಳ ಕೆಳಗೆ ಸಂಘದ ಸಾಲಕ್ಕೆಂದು ಬೇರೊಂದು ಬ್ಯಾಂಕಿನಲ್ಲಿ ಖಾತೆ ತೆರೆದು ಹೆಬ್ಬೆಟ್ಟು ಒತ್ತಿದ್ದರು. ಆ ಹೆಬ್ಬೆಟ್ಟಿನೊಂದಿಗೆ ತನ್ನ ಆಧಾರ್ ಜೋಡಣೆಯೂ ಅಲ್ಲಿಗೆ ಬದಲಾಯಿತೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಪಿಎಂ ಕಿಸಾನ್‌ನ ಕಂತುಗಳು ನಿಂತೇ ಹೋದವು ಎಂದು ಅವರು ಸುಮ್ಮನಿದ್ದರು. ವಿಚಾರಿಸಿದಾಗ ಒಂದೊಂದು ಕಂತಿನ 2,000 ರೂಪಾಯಿಯೂ ಆ ಮರೆತ ಖಾತೆಯಲ್ಲಿ ಹಾಗೆಯೇ ಕೂತಿತ್ತು. ಆ ದಿನ ಬ್ಯಾಂಕಿನ ಮೆಟ್ಟಿಲ ಮೇಲೆ ಕೂತು ಅವರು ನೋಟುಗಳನ್ನು ಎರಡೆರಡು ಸಲ ಎಣಿಸಿದ್ದನ್ನು ನಾನು ನೋಡಿದ್ದೇನೆ. ಇನ್ನು ಕೆಲವು ಕಡೆ ಹಣ ಸರಿಯಾದ ಖಾತೆಗೇ ಬಂದರೂ ಹಳೆಯ ಸಾಲಕ್ಕೆ ಮುರಿದುಕೊಂಡ ದೂರುಗಳಿವೆ. ಬರ ಪರಿಹಾರದ ಹಣವನ್ನು ಸಾಲಕ್ಕೆ ಜಮೆ ಮಾಡಿಕೊಳ್ಳಬಾರದೆಂದು 2024ರಲ್ಲಿ ಸರ್ಕಾರವೇ ಬ್ಯಾಂಕುಗಳಿಗೆ ಸೂಚನೆ ಕೊಡಬೇಕಾಗಿ ಬಂದದ್ದನ್ನು ಓದುಗರು ಮರೆತಿರಲಾರರು.

ಇಲ್ಲಿ ಪಿಎಂ ಕಿಸಾನ್ ಬಗ್ಗೆ ಇನ್ನೊಂದು ಮಾತು. 2018ರ ಡಿಸೆಂಬರ್‌ನಿಂದ ಅನ್ವಯವಾಗುವಂತೆ ಜಾರಿಗೆ ಬಂದ ಈ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ಬರುತ್ತದೆ. ರಾಜ್ಯ ಸರ್ಕಾರ ತನ್ನ ಕಡೆಯಿಂದ ಸೇರಿಸುತ್ತಿದ್ದ 4,000 ರೂಪಾಯಿ 2023ರಲ್ಲಿ ನಿಂತುಹೋಯಿತು. ಅದು ನಿಂತದ್ದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆದರೆ ಅದು ನಿಂತಿದೆ ಎಂಬುದೇ ತಿಳಿಯದೆ ಕಂಪ್ಯೂಟರ್ ಕೇಂದ್ರಗಳಿಗೆ ಹೋಗಿ ಐವತ್ತು ರೂಪಾಯಿ ಕೊಟ್ಟು ‘ರಾಜ್ಯದ ಕಂತು’ ಪರೀಕ್ಷೆ ಮಾಡಿಸುವ ಹಿರಿಯರು ನಮ್ಮ ಊರಿನಲ್ಲಿ ಈಗಲೂ ಇದ್ದಾರೆ. ಪಿಎಂ ಕಿಸಾನ್‌ಗೆ 2019ರ ಫೆಬ್ರುವರಿ 1ರ ವೇಳೆಗೆ ಜಮೀನು ಹೆಸರಿನಲ್ಲಿ ಇರಬೇಕೆಂಬ ನಿಯಮವಿದೆ. ಆದರೆ ಮಾಲೀಕರು ತೀರಿಕೊಂಡು ವಾರಸುದಾರರಿಗೆ ಬಂದ ಜಮೀನಿಗೆ ಅದರಿಂದ ವಿನಾಯಿತಿಯೂ ಇದೆ. ಗಂಡನನ್ನು ಕಳೆದುಕೊಂಡ ಎಷ್ಟೋ ಹೆಣ್ಣುಮಕ್ಕಳು ಖಾತೆ ಬದಲಾದ ಮೇಲೆ ಮತ್ತೆ ನೋಂದಾಯಿಸಿಕೊಳ್ಳಬಹುದು ಎಂಬುದು ತಿಳಿಯದೆ, ಗಂಡನ ಹಣ ಗಂಡನೊಂದಿಗೇ ಹೋಯಿತು ಎಂದುಕೊಂಡಿದ್ದಾರೆ.

ಇನ್ನು ಪಹಣಿಯೇ ಇಲ್ಲದವರ ಪಾಡು. ನಮ್ಮ ಭಾಗದಲ್ಲಿ ಹೊಲವನ್ನು ಪಾಲಿಗೆ ಅಥವಾ ಲಾವಣಿಗೆ, ಅಂದರೆ ಗೇಣಿಗೆ, ಹಿಡಿದು ದುಡಿಯುವ ಕುಟುಂಬಗಳು ಊರೂರಿನಲ್ಲಿವೆ. ಅವರಲ್ಲಿ ಬಹಳ ಜನ ಸ್ವಂತ ಗುಂಟೆ ಭೂಮಿಯೂ ಇಲ್ಲದ ದಲಿತರು, ಹಿಂದುಳಿದವರು. ಬೀಜ ಅವರದು, ಗೊಬ್ಬರ ಅವರದು, ಕಳೆ ತೆಗೆದ ಕೂಲಿ ಅವರದು. ಹೊಳೆ ಬಂದು ಕೊಚ್ಚಿಕೊಂಡು ಹೋದದ್ದೂ ಅವರ ದುಡಿಮೆಯನ್ನೇ. ಪರಿಹಾರ ಮಾತ್ರ ಕಲಬುರಗಿ ನಗರದಲ್ಲೋ ಪುಣೆಯಲ್ಲೋ ಇರುವ ಪಹಣಿದಾರರ ಖಾತೆಗೆ ಹೋಗುತ್ತದೆ. ಅದನ್ನು ತಂದು ಪಾಲಿನವನ ಕೈಗೆ ಕೊಟ್ಟ ಧರ್ಮವಂತ ಮಾಲೀಕರೂ ಇದ್ದಾರೆ, ನನಗೇ ಇಬ್ಬರು ಗೊತ್ತು. ಆದರೆ ಸರ್ಕಾರದ ಪರಿಹಾರ ಮಾಲೀಕರ ಮನಸ್ಸಿನ ಮೇಲೆ ನಿಲ್ಲಬಾರದು. ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರರ ಹೆಸರಿಗೆ ಜಾಗವಿದೆ, ಆದರೆ ಗೇಣಿದಾರರ ಹೆಸರನ್ನು ಅಲ್ಲಿ ಬರೆಸಲು ಯಾವ ಮಾಲೀಕರೂ ಒಪ್ಪುವುದಿಲ್ಲ, ಏಕೆಂದರೆ 1974ರ ಭೂಸುಧಾರಣೆ ತಿದ್ದುಪಡಿಯಾದಂದಿನಿಂದ ರಾಜ್ಯದಲ್ಲಿ ಗೇಣಿಗೆ ಕೊಡುವುದೇ ಕಾನೂನುಬಾಹಿರ. ಗೇಣಿದಾರರನ್ನು ಒಡೆಯರನ್ನಾಗಿ ಮಾಡಿದ ಆ ಮಹತ್ವದ ಕಾನೂನಿನ ಬಗ್ಗೆ ನನಗೆ ಅಪಾರ ಗೌರವವಿದೆ. ಅದನ್ನು ಮುಟ್ಟದೆಯೇ, ಪರಿಹಾರದ ಮಟ್ಟಿಗೆ ಮಾತ್ರ, ಭೂಮಿಯ ಮೇಲೆ ಯಾವ ಹಕ್ಕನ್ನೂ ಕೊಡದ ಒಂದು ಸಾಗುವಳಿ ದೃಢೀಕರಣವನ್ನು ಗ್ರಾಮಸಭೆಯಿಂದ ಕೊಡಿಸಲು ಸಾಧ್ಯವೇ ಎಂದು ಕಾನೂನು ಬಲ್ಲವರು ಯೋಚಿಸಬೇಕು. ಇದು ಒಂದು ಪತ್ರದಲ್ಲಿ ಮುಗಿಯುವ ವಿಷಯವಲ್ಲವಾದ್ದರಿಂದ ಇಲ್ಲಿಗೆ ಬಿಡುತ್ತೇನೆ.

ನನ್ನ ಬೇಡಿಕೆ ಇದಕ್ಕಿಂತ ಬಹಳ ಚಿಕ್ಕದು. ಜಂಟಿ ಸಮೀಕ್ಷೆಯಲ್ಲಿ ಹಾನಿ ದಾಖಲಾಗಿಯೂ ಹಣ ಜಮೆಯಾಗದ ಪ್ರತಿಯೊಂದು ಸರ್ವೆ ನಂಬರನ್ನು, ಕಾರಣ ಸಮೇತ, ಕನ್ನಡದಲ್ಲಿ, ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಆ ಕಾರಣವನ್ನು ಸರಿಪಡಿಸಬೇಕಾದ ಕಚೇರಿ ಯಾವುದು ಎಂಬುದನ್ನೂ ಅದೇ ಸಾಲಿನಲ್ಲಿ ಬರೆಯಬೇಕು. ಪಟ್ಟಿಯಲ್ಲಿ ಆಧಾರ್ ಸಂಖ್ಯೆಯಾಗಲಿ ಖಾತೆಯ ಸಂಖ್ಯೆಯಾಗಲಿ ಬೇಕಿಲ್ಲ; ಹೆಸರು, ಸರ್ವೆ ನಂಬರು, ಕಾರಣ, ಕಚೇರಿ, ಇಷ್ಟು ಸಾಕು. ಕೇಳಿದ ರೈತನಿಗೆ ಸಹಿ ಮಾಡಿದ ಹಿಂಬರಹ ಕೊಡಬೇಕು. ಅರ್ಜಿ ಇಲ್ಲದ್ದರಿಂದ ಹಿಂಬರಹ ಇಲ್ಲ ಎಂಬ ಮಾತು ಇನ್ನು ನಡೆಯಬಾರದು.

ಇದು ಹೊಸದಾಗಿ ಬೇಡುವ ದಾನವೂ ಅಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನಲ್ಲಿ ಸಹಾಯಧನ ಯೋಜನೆಗಳ ಜಾರಿಯ ಕ್ರಮ, ಹಂಚಿಕೆಯಾದ ಮೊತ್ತ ಮತ್ತು ಫಲಾನುಭವಿಗಳ ವಿವರಗಳನ್ನು ಯಾರೂ ಕೇಳದೆಯೇ ಸರ್ಕಾರ ಪ್ರಕಟಿಸಬೇಕು ಎಂದಿದೆ. ಅದೇ ಕಲಮಿನಲ್ಲಿ, ಆಡಳಿತಾತ್ಮಕ ತೀರ್ಮಾನಗಳಿಗೆ ಕಾರಣವನ್ನು ಅವುಗಳಿಂದ ಬಾಧಿತರಾದವರಿಗೆ ತಿಳಿಸಬೇಕು ಎಂದೂ ಇದೆ. ನಮ್ಮ ಬೆಳೆ ಹಾನಿ ಪರಿಹಾರಕ್ಕೆ ಸರ್ಕಾರಿ ಕಾಗದದಲ್ಲಿರುವ ಹೆಸರು ಇನ್‌ಪುಟ್ ಸಬ್ಸಿಡಿ. ಅಂದರೆ ಅದು ಕಳೆದುಹೋದ ಬೆಳೆಯ ಬೆಲೆ ಅಲ್ಲ, ಮುಂದಿನ ಬಿತ್ತನೆಯ ಬೀಜ ಗೊಬ್ಬರಕ್ಕೆ ಕೊಡುವ ಸಹಾಯಧನ. ಆದ್ದರಿಂದ ಕಾಯ್ದೆಯ ಆ ಮಾತು ಇದಕ್ಕೆ ಅಕ್ಷರಶಃ ಅನ್ವಯವಾಗುತ್ತದೆ. ಮುಂದಿನ ಬಿತ್ತನೆಗೆಂದು ಕೊಟ್ಟ ಹಣ ಹಿಂಗಾರು ಬಿತ್ತನೆಯ ಕಾಲ ಕಳೆದ ಮೇಲೆ ಬಂದರೆ ಅದರ ಉದ್ದೇಶ ಏನಾಯಿತು ಎಂದೂ ಕೇಳಬೇಕಾಗುತ್ತದೆ. ನೀರು ಇಳಿದ ಆ ಹೊಲದಲ್ಲಿ ಅಕ್ಟೋಬರ್ ಕೊನೆಗೆ ಅತ್ತಿಗೆಯವರು ಕಡಲೆ ಬಿತ್ತಬಹುದಿತ್ತು. ಬೀಜಕ್ಕೆ ಕೈಯಲ್ಲಿ ದುಡ್ಡಿರಲಿಲ್ಲ. ಹೊಲ ಹಾಗೆಯೇ ಬಿದ್ದಿತು. ಎಳ್ಳಮಾವಾಸ್ಯೆಗೆ ಊರೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋದಾಗ ಅವರೂ ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಬಂದು, ಒಣಗಿದ ತೊಗರಿ ಕಟ್ಟಿಗೆಯ ನಡುವೆಯೇ ಚರಗ ಚೆಲ್ಲಿದರು.

ಸಿಬ್ಬಂದಿ ಕೊರತೆಯ ಮಾತು ಬರುತ್ತದೆಂದು ನನಗೆ ಗೊತ್ತು. ಒಬ್ಬೊಬ್ಬ ಗ್ರಾಮ ಆಡಳಿತ ಅಧಿಕಾರಿಯ ಮೇಲೆ ಎಷ್ಟು ಊರುಗಳ, ಎಷ್ಟು ಆ್ಯಪ್‌ಗಳ ಹೊರೆ ಇದೆ ಎಂಬುದನ್ನು ಅವರ 2024ರ ಮುಷ್ಕರವೇ ನಾಡಿಗೆ ತಿಳಿಸಿತು. ಅವರ ಕಷ್ಟ ನಿಜವಾದದ್ದು, ಮತ್ತು ಅವರ ಮೇಲೆ ಇನ್ನೊಂದು ಕೆಲಸ ಹೇರಬೇಕೆಂದು ನಾನು ಹೇಳುತ್ತಿಲ್ಲ. ಕಾರಣಗಳೆಲ್ಲ ತಂತ್ರಾಂಶದಲ್ಲಿ ಆಗಲೇ ಇವೆ. ಅವುಗಳನ್ನು ಊರುವಾರು ಕನ್ನಡದಲ್ಲಿ ಮುದ್ರಿಸಿ ಕೊಡುವ ಕೆಲಸ ಕಂಪ್ಯೂಟರಿನದು. ಗೋಡೆಗೆ ಅಂಟಿಸುವ ಕೆಲಸ ಪಂಚಾಯಿತಿಯದು. ಈ ಪಟ್ಟಿ ಇದ್ದರೆ ಕಚೇರಿಗಳ ಮುಂದಿನ ಸಾಲು ಅರ್ಧಕ್ಕಿಳಿಯುತ್ತದೆಂದು ನನ್ನ ದೃಢ ನಂಬಿಕೆ, ಏಕೆಂದರೆ ಈಗ ಆ ಸಾಲಿನಲ್ಲಿ ನಿಂತವರಲ್ಲಿ ಬಹಳಷ್ಟು ಜನ ತಪ್ಪು ಕಚೇರಿಯ ಮುಂದೆ ನಿಂತಿರುತ್ತಾರೆ.

ಪಟ್ಟಿ ಅಂಟಿಸಿದ ಮೇಲೆ ಹೋಬಳಿಗೊಂದು ದಿನ ಗೊತ್ತುಮಾಡಿ, ಕಂದಾಯ, ಕೃಷಿ ಮತ್ತು ಬ್ಯಾಂಕಿನವರು ಒಂದೇ ಮೇಜಿನ ಮುಂದೆ ಕೂರಬೇಕು. ಪಿಂಚಣಿ ಅದಾಲತ್, ಕಂದಾಯ ಅದಾಲತ್ ನಡೆಸಿದ ಅನುಭವ ನಮ್ಮ ಆಡಳಿತಕ್ಕೆ ಇದೆ. ಅದೇ ಮಾದರಿಯಲ್ಲಿ ಪರಿಹಾರ ಅದಾಲತ್ ನಡೆಸಲು ಹೊಸ ಕಾನೂನು ಬೇಕಾಗಿಲ್ಲ, ಜಿಲ್ಲಾಧಿಕಾರಿಗಳ ಒಂದು ಆದೇಶ ಸಾಕು. ಸಂವಿಧಾನದ 371(ಜೆ) ವಿಧಿಯ ಬಲದಿಂದ ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಮಂಡಳಿ ಇದೆ, ಆ ಮಂಡಳಿಗೆ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತದೆ. ಇಂಥ ನಾಡಿನಲ್ಲಿ ಒಂದು ಶಾಮಿಯಾನ, ಎರಡು ಕಂಪ್ಯೂಟರು, ಒಂದು ಮುದ್ರಣ ಯಂತ್ರಕ್ಕೆ ಹಣವಿಲ್ಲ ಎನ್ನುವುದು ಯಾರಿಂದಲೂ ಆಗದು.

ಅತ್ತಿಗೆಯವರ ಎಫ್‌ಐಡಿಗೆ ಈಗ ಜಮೀನು ಸೇರಿದೆ. ಹಣ ಇನ್ನೂ ಬಂದಿಲ್ಲ. ಮುಂದಿನ ಹಂತದ ಪಾವತಿಯಲ್ಲಿ ಬರಬಹುದು ಎಂದು ಬಾಯಿಮಾತಿನಲ್ಲಿ ಹೇಳಿದ್ದಾರೆ. ಆ ಮಾತನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿದೆವು, ಅದಕ್ಕೆ ಅವಕಾಶವಿಲ್ಲ ಎಂದರು. ನಮ್ಮ ಗ್ರಾಮ ಪಂಚಾಯಿತಿಯ ಬಾಗಿಲ ಪಕ್ಕದ ಗೋಡೆಯಲ್ಲಿ ಉದ್ಯೋಗ ಖಾತರಿ ಯೋಜನೆಯ ವಿವರ ಬರೆದ ಹಳದಿ ಚೌಕವೊಂದಿದೆ. ಅದರ ಕೆಳಗೆ ಇನ್ನೂ ಎರಡು ಚೌಕಗಳಿಗಾಗುವಷ್ಟು ಜಾಗ ಖಾಲಿ ಇದೆ. ಈ ಸಲದ ಮುಂಗಾರು ಬಿತ್ತನೆಗೆ ಮೊದಲೇ ಪರಿಹಾರ ಬಾರದವರ ಪಟ್ಟಿಯನ್ನು ಕಾರಣ ಸಮೇತ ಅಲ್ಲಿ ಹಾಕಿಸಬೇಕೆಂದು ಎರಡೂ ಜಿಲ್ಲೆಗಳ ಜಿಲ್ಲಾಧಿಕಾರಿಗಳನ್ನು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ಕಲಬುರಗಿ ಜಿಲ್ಲೆ